ಕಾದ ಪೈಪು ಮತ್ತು ನನ್ನ ಒಂದು ಸಹಿ

ತಂಗಿಯ ಲಗ್ನ ಗೊತ್ತಾಗಿದೆ. ಪತ್ರಿಕೆ ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಶುಕ್ರವಾರ ಲ್ಯಾಪ್‌ಟಾಪ್ ಮುಚ್ಚಿ ಪುಣೆಯಿಂದ ರಾತ್ರಿ ಬಸ್ ಹತ್ತಿದವನು ಬೆಳಿಗ್ಗೆ ಇಂಡಿಯಲ್ಲಿ ಇಳಿದೆ.

ನಮ್ಮದು ಹಳೆಯ ಮಾಳಿಗೆ ಮನೆ. ಮೇಲೆ ಮಣ್ಣಿನ ಹೊರೆ, ಅದರ ಕೆಳಗೆ ಹಲಗೆ, ಜಂತಿ, ಎಲ್ಲವನ್ನೂ ಹೊತ್ತ ಒಂದು ದಪ್ಪ ತೊಲೆ. ಆ ತೊಲೆ ನಡುವೆ ಬಾಗಿದೆ. ಅದಕ್ಕೆ ಒತ್ತಿಕೊಂಡಿರುವ ಗೋಡೆಯ ಮೇಲೆ, ತೊಲೆಯ ಕೆಳಅಂಚಿನ ಮಟ್ಟಕ್ಕೆ, ಅಜ್ಜ ಇದ್ದಿಲಿನಿಂದ ಎಳೆದ ಗೆರೆಗಳಿವೆ. ನಾಲ್ಕೈದು ವರ್ಷಕ್ಕೊಂದು ಗೆರೆ. ಮೊದಲನೆಯದಕ್ಕೂ ಕೊನೆಯದಕ್ಕೂ ಎರಡು ಬೆರಳು ಅಂತರ. ಸಣ್ಣವನಿದ್ದಾಗ ಅದೇನು ಅಂತ ಕೇಳಿದ್ದೆ. ಅಜ್ಜ ಹೇಳಿದ್ದಿಷ್ಟೇ: ‘ತೊಲಿ ಒಮ್ಮೆಲೇ ಮುರಿಯೂದಿಲ್ಲ ತಮ್ಮಾ. ಮೊದಲ ಹೇಳ್ತದ. ನಾವು ಕೇಳಬೇಕು.’

ಮುಂದೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವಾಗ ಇದಕ್ಕೊಂದು ಹೆಸರಿದೆ ಅಂತ ಗೊತ್ತಾಯಿತು. ಕ್ರೀಪ್. ಹೊರೆ ಹೆಚ್ಚಾಗಿರುವುದಿಲ್ಲ, ಅಷ್ಟೇ ಇರುತ್ತದೆ. ಆದರೂ ವಸ್ತು ದಿನದಿಂದ ದಿನಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತಲೋ ಬಾಗುತ್ತಲೋ ಹೋಗುತ್ತದೆ. ಕಟ್ಟಿಗೆ ತಣ್ಣಗಿದ್ದಾಗಲೂ ಹೀಗೆ ಮಾಡುತ್ತದೆ. ಉಕ್ಕು ಮಾಡಬೇಕಾದರೆ ಅದಕ್ಕೆ ಬಿಸಿ ಬೇಕು. ಆ ಬಿಸಿ ಉಕ್ಕಿನ ಪೈಪುಗಳ ಬೆಸುಗೆ ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು.

ಗೆಳೆಯನ ಕಾರು ಎರವಲು ತಂದು, ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ. ಮೊದಲು ಸಿಂದಗಿ, ಆಮೇಲೆ ತಾಳಿಕೋಟೆ ಮೇಲೆ ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ.

ಸಿಂದಗಿಯಲ್ಲಿ ಅಪ್ಪನ ಹಳೆಯ ಸ್ನೇಹಿತರೊಬ್ಬರು ಕಮ್ಮಾರರು. ಈಗ ಕುಲುಮೆಗೆ ಕರೆಂಟಿನ ಫ್ಯಾನ್ ಬಂದಿದೆ, ಕೆಲಸ ಕಡಿಮೆಯಾಗಿದೆ. ಪತ್ರಿಕೆ ತೆಗೆದುಕೊಂಡು, ಚಹಾಕ್ಕೆ ಹೇಳಿ, ಕೊಡಲಿಗೆ ಹದ ಕೊಡುತ್ತಲೇ ಮಾತಾಡಿದರು. ಕೆಂಪಗೆ ಕಾಸಿ ನೀರಿಗೆ ಅದ್ದಿದರು. ಚುಂಯ್ ಎಂದಿತು. ಮತ್ತೆ ಸ್ವಲ್ಪವೇ ಕಾಸಿ, ಬಾಯಿಯ ಬಣ್ಣ ನೋಡಿ ತೆಗೆದರು.

‘ಬರೇ ನೀರಿಗೆ ಹಾಕಿ ಬಿಟ್ರ ಗಟ್ಟಿ ಆಗ್ತದ. ಆದರ ಕಲ್ಲಿಗೆ ತಾಗಿದ್ರ ಚಕ್ಕಿ ಹಾರ್ತದ. ಎರಡನೇ ಸಲ ಕಾಸೂದ್ರಾಗ ಐತಿ ನೋಡು ಎಲ್ಲಾ. ನಿಮ್ಮ ದೊಡ್ಡ ಪೈಪಿಗೂ ಹಿಂಗ ಮಾಡ್ತೀರೇನು?’

‘ಹಿಂಗ ಮಾಡ್ತೀವಿ ಕಾಕಾ. ಆದರ ನಿಮ್ಮ ಕೊಡಲಿ ತಣ್ಣಗ ಕೆಲಸ ಮಾಡ್ತದ. ನಮ್ಮ ಪೈಪು ಕುಲುಮಿಯೊಳಗ ಕುಂತ ಕೆಲಸ ಮಾಡಬೇಕು. ಒಂದು ದಿನ ಅಲ್ಲ, ಇಪ್ಪತ್ತು ಇಪ್ಪತ್ತೈದು ವರ್ಷ.’

ಅವರು ನಕ್ಕರು. ‘ಕುಲುಮಿಯೊಳಗ ಇಟ್ಟ ಕಬ್ಬಿಣ ಕಬ್ಬಿಣಾಗಿ ಉಳೀತದೇನೋ?’

ಒಳ್ಳೆಯ ಪ್ರಶ್ನೆ. ಇದಕ್ಕೊಂದು ಸರಳ ಲೆಕ್ಕವಿದೆ. ಯಾವುದೇ ಲೋಹ ಅದು ಕರಗುವ ಉಷ್ಣತೆಯ ಹತ್ತರಲ್ಲಿ ನಾಲ್ಕು ಪಾಲು ದಾಟಿತು ಅಂದರೆ ಕ್ರೀಪ್ ಶುರು. ಅಳತೆ ಮಾತ್ರ ಕೆಲ್ವಿನ್‌ನಲ್ಲಿ, ಅಂದರೆ ಸೆಲ್ಸಿಯಸ್‌ಗೆ 273 ಸೇರಿಸಿ. ಸೀಸ 327 ಡಿಗ್ರಿಗೆ ಕರಗುತ್ತದೆ, ಅದು 600 ಕೆಲ್ವಿನ್. ನಮ್ಮ ಕಡೆಯ ಬೇಸಿಗೆ 42 ಡಿಗ್ರಿ, ಅದು 315 ಕೆಲ್ವಿನ್. ಅರ್ಧಕ್ಕಿಂತ ಹೆಚ್ಚಾಯಿತು! ಸೀಸದ ತಂತಿಗೆ ತೂಕ ಕಟ್ಟಿ ಸಿಂದಗಿಯ ಬಿಸಿಲಲ್ಲಿ ತೂಗುಹಾಕಿದರೆ ಅದು ತನ್ನಷ್ಟಕ್ಕೆ ಉದ್ದವಾಗುತ್ತದೆ. 1910ರಲ್ಲಿ ಆಂಡ್ರೇಡ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಸೀಸದ ತಂತಿ ಎಳೆದೇ ಕ್ರೀಪ್‌ನ ನಡೆ ಬರೆದಿಟ್ಟಿದ್ದರು: ಮೊದಲು ಸ್ವಲ್ಪ ಬೇಗ, ನಡುವೆ ಬಹಳ ಕಾಲ ಒಂದೇ ನಿಧಾನ ಗತಿ. ಕೊನೆಗೆ ಗತಿ ಏರುತ್ತ ಏರುತ್ತ ತಂತಿ ಹರಿಯುತ್ತದೆ.

ಈಗ ಉಕ್ಕು. ಕರಗುವುದು ಸುಮಾರು 1,500 ಡಿಗ್ರಿಗೆ. ಇಂದಿನ ದೊಡ್ಡ ಉಷ್ಣ ವಿದ್ಯುತ್ ಸ್ಥಾವರಗಳ ಹಬೆ 600 ಡಿಗ್ರಿಯ ಆಸುಪಾಸು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅರ್ಧ. ಅಂದರೆ ಆ ಹಬೆಯಲ್ಲಿ ಉಕ್ಕಿನ ಪಾಡು, ನಮ್ಮ ಬಿಸಿಲಲ್ಲಿ ಸೀಸದ ಪಾಡು. ಅದರ ಮೇಲೆ 250 ಬಾರ್‌ನಷ್ಟು ಒತ್ತಡ. ಕಾರಿನ ಟೈರಿನಲ್ಲಿ ಇರುವುದು ಎರಡೂ ಚಿಲ್ಲರೆ ಬಾರ್.

ಇಷ್ಟು ಹೇಳಿದ ಮೇಲೆ ಕಾಕಾ ಕೊಡಲಿ ಕೆಳಗಿಟ್ಟು, ‘ಹಂಗಾರ ನಿಮ್ಮ ಉಕ್ಕಿನೊಳಗ ಏನೋ ಹಾಕಿರ್ತಾರ ಬಿಡು’ ಅಂದರು.

ಹಾಕಿರುತ್ತಾರೆ. ಅದನ್ನು ವಿವರಿಸಿದ್ದು ಮಾತ್ರ ಮುದ್ದೇಬಿಹಾಳದಲ್ಲಿ, ಚಿಗವ್ವನ ಮನೆಯಲ್ಲಿ.

ಚಿಗವ್ವನ ಮಗ ಐಟಿಐನಲ್ಲಿ ವೆಲ್ಡರ್ ಟ್ರೇಡ್ ಮುಗಿಸಿ ಎರಡು ವರ್ಷ ಅಲ್ಲಿ ಇಲ್ಲಿ ಗೇಟು ಕಿಟಕಿ ಮಾಡುತ್ತಿದ್ದ. ಈಗ ಬಾಯ್ಲರ್ ಪೈಪುಗಳ ಬೆಸುಗೆಯ ಪರೀಕ್ಷೆ ಪಾಸಾಗಿ, ಮುಂದಿನ ತಿಂಗಳು ದೂರದ ಒಂದು ಸ್ಥಾವರಕ್ಕೆ ಹೊರಟಿದ್ದಾನೆ. ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಇವನು ನನ್ನ ಪಕ್ಕ ಕೂತು ಕೇಳಿದ:

‘ಅಣ್ಣಾ, ನೈನ್ ಕ್ರೋಮ್ ಪೈಪಿಗೆ ಯಾಕ ಅಷ್ಟು ರಗಳಿ? ಮೊದಲ ಕಾಸು, ಬೆಸಿ, ಆರಿಸು, ಮತ್ತ ತಾಸುಗಟ್ಟಲೆ ಕಾಸು...’

ನಾನು ಕಿಟಕಿಯಾಚೆ ತೋರಿಸಿದೆ. ಎರೆ ಹೊಲ, ಅಡ್ಡಡ್ಡ ಒಡ್ಡು. ‘ನಿಮ್ಮ ಹೊಲದಾಗ ಒಡ್ಡು ಯಾಕ ಹಾಕ್ಯಾರ?’

‘ಮಳಿ ನೀರಿಗೆ ಮಣ್ಣ ಹರಕೊಂಡ ಹೋಗಬಾರದಂತ.’

‘ಒಂದ ದೊಡ್ಡ ಒಡ್ಡು ಹಾಕಿದ್ರ ನಡೀತಿತ್ತಲ್ಲ?’

‘ಅದು ಹೆಂಗ ಅಣ್ಣಾ? ಸಣ್ಣವು ಸಾಲಸಾಲ ಇರಬೇಕು.’

ಉಕ್ಕಿನ ಒಳಗೂ ಅದೇ. ಪರಮಾಣುಗಳು ಸಾಲಾಗಿ ನಿಂತಿರುತ್ತವೆ, ಆ ಸಾಲುಗಳಲ್ಲಿ ಅಲ್ಲಲ್ಲಿ ತಪ್ಪುಗಳಿರುತ್ತವೆ. ಆ ತಪ್ಪುಗಳು ಸರಿದಾಡಿದಾಗಲೇ ಲೋಹ ಹಿಗ್ಗುವುದು. ಬಿಸಿ ಹೆಚ್ಚಾದಷ್ಟೂ ಅವಕ್ಕೆ ಅಡ್ಡಿ ಹತ್ತಿ ಇಳಿಯುವ ಶಕ್ತಿ ಬರುತ್ತದೆ. ಅವನ್ನು ತಡೆಯಲು ಒಡ್ಡು ಬೇಕು. ಗ್ರೇಡ್ 91 ಎಂಬ ಉಕ್ಕನ್ನು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 1970ರ ದಶಕದಲ್ಲಿ ರೂಪಿಸಿತು. ಇದರಲ್ಲಿ ಸುಮಾರು 9 ಪಾಲು ಕ್ರೋಮಿಯಂ, 1 ಪಾಲು ಮಾಲಿಬ್ಡಿನಂ, ಮತ್ತೆ ಚಿಟಿಕೆಯಷ್ಟು ವೆನೇಡಿಯಂ, ನಯೋಬಿಯಂ, ನೈಟ್ರೋಜನ್. ಮಾಲಿಬ್ಡಿನಂ ಪರಮಾಣು ಕಬ್ಬಿಣದ್ದಕ್ಕಿಂತ ದೊಡ್ಡದು, ಸಾಲಿನ ನಡುವೆ ತುರುಕಿಕೊಂಡು ಜಾರಾಟ ತಡೆಯುತ್ತದೆ. ವೆನೇಡಿಯಂ, ನಯೋಬಿಯಂ ಇಂಗಾಲ, ನೈಟ್ರೋಜನ್ ಜೊತೆ ಸೇರಿ ಕಣ್ಣಿಗೆ ಕಾಣದ ಸಣ್ಣ ಕಣಗಳಾಗುತ್ತವೆ. ಅಳತೆ ನ್ಯಾನೋಮೀಟರುಗಳಲ್ಲಿ. ಇವೇ ಸಾಲು ಒಡ್ಡುಗಳು. ಕ್ರೋಮಿಯಂನ ಕಣಗಳು ಸ್ವಲ್ಪ ದೊಡ್ಡವು. ಅವು ಒಳಗಿನ ಗಡಿಗಳ ಮೇಲೆ ಕೂತು ಗಡಿ ಸರಿಯದಂತೆ ಹಿಡಿಯುತ್ತವೆ. ಜೊತೆಗೆ ಕ್ರೋಮಿಯಂ ಹಬೆಯ ತುಕ್ಕನ್ನೂ ತಡೆಯುತ್ತದೆ.

ಈ ಒಡ್ಡುಗಳು ತಾವಾಗಿ ಹುಟ್ಟುವುದಿಲ್ಲ. ಉಕ್ಕನ್ನು 1,050 ಡಿಗ್ರಿ ಆಸುಪಾಸಿಗೆ ಕಾಸಿ ಆರಿಸಿದಾಗ ಗಡಸು ರಚನೆ ಬರುತ್ತದೆ. ಆಮೇಲೆ 760ರ ಹತ್ತಿರ ತಾಸುಗಟ್ಟಲೆ ಇಟ್ಟಾಗ ಕಣಗಳು ಒಡಮೂಡಿ, ಉಕ್ಕು ಹದಕ್ಕೆ ಬರುತ್ತದೆ. ಸಿಂದಗಿ ಕಾಕಾನ ಎರಡನೇ ಕಾಸು ಇದೇ. ಪೈಪು ಬೆಸೆದಾಗ ಕೀಲಿನ ಸುತ್ತ ಈ ಹದ ಕೆಡುತ್ತದೆ. ಅದಕ್ಕೇ ಬೆಸುಗೆಯ ಮೇಲೆ ಹೀಟಿಂಗ್ ಪ್ಯಾಡ್ ಸುತ್ತಿ ಮತ್ತೆ ಅದೇ ಹದ ಕೊಡಬೇಕು.

ಕಡಿಮೆ ಕಾಸಿದರೆ ಕೀಲು ಗಡಸಾಗಿ, ಬಿರುಕು ಬಿಡುವಂತೆ ಉಳಿಯುತ್ತದೆ. ಹೆಚ್ಚು ಕಾಸಿದರೆ, ಅಂದರೆ 800 ದಾಟಿ ಮೇಲೇರಿದರೆ, ಕಟ್ಟಿದ ರಚನೆಯೇ ಕರಗಿ ಹೋಗಲು ಶುರುವಾಗುತ್ತದೆ. ಒಡ್ಡು ಒಡೆದ ಹೊಲ! ಹೊರಗಿನಿಂದ ನೋಡಿದರೆ ಅದೇ ಪೈಪು, ಅದೇ ಹೊಳಪು.

‘ವಿಮಾನದ ಎಂಜಿನ್ನಿಗೂ ಇದೇ ಉಕ್ಕೇನು?’ ಅಂತ ಕೇಳಿದ.

ಅಲ್ಲಿ ಉಕ್ಕು ಸಾಲುವುದಿಲ್ಲ. ಜೆಟ್ ಎಂಜಿನ್ ಬ್ಲೇಡಿಗೆ ನಿಕ್ಕಲ್ ಮಿಶ್ರಲೋಹ. ಅದರೊಳಗೆ ನಿಕ್ಕಲ್-ಅಲ್ಯುಮಿನಿಯಂ ಸೇರಿದ ಸಣ್ಣ ಸಣ್ಣ ಘನಗಳು, ಇಟ್ಟಂಗಿ ಜೋಡಿಸಿದ ಹಾಗೆ, ಅರ್ಧಕ್ಕಿಂತ ಹೆಚ್ಚು ಜಾಗ ತುಂಬಿರುತ್ತವೆ. ಇನ್ನೊಂದು ಉಪಾಯವೂ ಇದೆ. ಮಾಮೂಲಿ ಲೋಹ ಜೋಳದ ತೆನೆಯ ಹಾಗೆ, ಹರಳಿಗೆ ಹರಳು ಒತ್ತಿಕೊಂಡಿರುತ್ತದೆ. ತಣ್ಣಗಿದ್ದಾಗ ಆ ಸಂದುಗಳು ಬಲ ಕೊಡುತ್ತವೆ, ಬಿಸಿಯಲ್ಲಿ ಅವೇ ಜಾರುವ ಜಾಗ. ಕ್ರೀಪ್‌ನ ತೂತುಗಳು ಮೊದಲು ಹುಟ್ಟುವುದೂ ಅಲ್ಲೇ. ಹಾಗಾಗಿ ಸಂದೇ ಇಲ್ಲದಂತೆ ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. 2021ರ ಏಪ್ರಿಲ್‌ನಲ್ಲಿ ಡಿಆರ್‌ಡಿಒದ ಹೈದರಾಬಾದ್ ಪ್ರಯೋಗಾಲಯ ಡಿಎಂಆರ್‌ಎಲ್ ಇಂಥ 60 ಬ್ಲೇಡುಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಎಚ್‌ಎಎಲ್‌ಗೆ ಕೊಟ್ಟಿತು.

ಅವನು ಸುಮ್ಮನೆ ಕೇಳಿದ. ಆಮೇಲೆ ನಾನು ಹೆದರುತ್ತಿದ್ದ ಪ್ರಶ್ನೆ ಬಂತು. ‘ಇಷ್ಟೆಲ್ಲಾ ಖರೆ. ಆದರ ಎಕ್ಸ್‌ರೇ ಪಾಸ್ ಆತು, ಹೈಡ್ರೋ ಟೆಸ್ಟ್ ಪಾಸ್ ಆತು ಅಂದ್ರ ಮುಗೀತಲ್ಲ ಅಣ್ಣಾ?’

ರೊಟ್ಟಿಯ ಸದ್ದು ನಿಂತಿತ್ತು. ಚಿಗವ್ವನೂ ಕೇಳುತ್ತಿದ್ದಳು. ಮನೆಯಲ್ಲಿ ಅಪ್ಪನಿಗೆ ಬಿಟ್ಟು ಯಾರಿಗೂ ಹೇಳದ್ದನ್ನು ಅವತ್ತು ಹೇಳಿದೆ.

ಐದು ವರ್ಷದ ಹಿಂದಿನ ಮಾತು. ಬೇರೆ ರಾಜ್ಯದ ಒಂದು ಸ್ಥಾವರ, ನಾನು ಗುತ್ತಿಗೆದಾರರ ಕಡೆಯ ಇನ್‌ಸ್ಪೆಕ್ಟರ್. ವರ್ಷದ ರಿಪೇರಿಗೆ ಘಟಕ ನಿಂತಿತ್ತು. ನಿಂತ ಒಂದೊಂದು ದಿನಕ್ಕೂ ಲೆಕ್ಕ. ಹಬೆ ಪೈಪಿನ ಒಂದು ಕೀಲಿಗೆ ರಾತ್ರಿ ಹದ ಕೊಡುತ್ತಿದ್ದರು. ಉಷ್ಣತೆ ಅಳೆಯುವ ಒಂದು ಥರ್ಮೋಕಪಲ್ ಪೈಪಿನಿಂದ ಬಿಚ್ಚಿಕೊಂಡು ಕಡಿಮೆ ತೋರಿಸತೊಡಗಿತು. ಕಂಟ್ರೋಲರ್ ಅದನ್ನು ನಂಬಿ ಬಿಸಿ ಕೊಡುತ್ತಲೇ ಹೋಯಿತು. ಬೇರೆ ಚಾನೆಲ್‌ನಲ್ಲಿ 840 ಡಿಗ್ರಿ ದಾಖಲಾಗಿತ್ತು. ಯಾರೋ ನೋಡಿ ಸ್ವಿಚ್ ತೆಗೆದಾಗ ಬೆಳಗಿನ ಜಾವ ಮೂರು.

ಮೇಲಿನವರು ಹೇಳಿದರು, ‘840 ತೋರಿಸಿದ ಚಾನೆಲ್ ಕೆಟ್ಟಿತ್ತು ಅಂತ ಬರೆದು ಸಹಿ ಮಾಡು. ಎಕ್ಸ್‌ರೇ ಚೆನ್ನಾಗಿದೆ. ಹೈಡ್ರೋ ಪಾಸ್ ಆಗೇ ಆಗುತ್ತದೆ.’

ಅವರು ಹೇಳಿದ್ದು ಸುಳ್ಳಲ್ಲ, ತಮ್ಮಾ ಅಂದೆ. ಪಾಸ್ ಆಗುತ್ತಿತ್ತು. ಎಕ್ಸ್‌ರೇ ಬಿರುಕು, ತೂತು ನೋಡುತ್ತದೆ. ಒಡ್ಡು ಇದೆಯೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಹೈಡ್ರೋ ಟೆಸ್ಟ್ ಮಾಡುವುದು ತಣ್ಣೀರಿನಲ್ಲಿ. ತಣ್ಣಗಿರುವಾಗ ಆ ಉಕ್ಕು ಹೊರೆ ಹೊರುತ್ತದೆ. ಘಟಕ ಶುರುವಾದ ಮೇಲೂ ಒಂದು ವರ್ಷ, ಎರಡು ವರ್ಷ ಏನೂ ಆಗುವುದಿಲ್ಲ. ಇಪ್ಪತ್ತು ವರ್ಷ ಬಾಳಬೇಕಾದದ್ದು ಐದಕ್ಕೋ ಆರಕ್ಕೋ ಬಾಯಿ ತೆರೆಯುತ್ತದೆ. ಆ ಹೊತ್ತಿಗೆ ಸಹಿ ಮಾಡಿದವನು ಬೇರೆ ಊರಿನಲ್ಲಿ, ಬೇರೆ ಕಂಪನಿಯಲ್ಲಿ. ಪೈಪಿನ ಕೆಳಗೆ ರೌಂಡ್ಸ್ ಹೊಡೆಯುವ ಹುಡುಗ ಮಾತ್ರ ಅಲ್ಲೇ.

‘ನೀ ಏನ್ ಮಾಡಿದಿ?’ ಚಿಗವ್ವ ಕೇಳಿದಳು.

‘ಸಹಿ ಮಾಡಿದೆ ಚಿಗವ್ವಾ.’

ಮಾಡಿದೆ. ಸುಳ್ಳು ಹೇಳುವುದಿಲ್ಲ. ವಯಸ್ಸು ಇಪ್ಪತ್ತಾರು, ತಲೆಯ ಮೇಲೆ ಎಜುಕೇಶನ್ ಲೋನ್, ಗುತ್ತಿಗೆ ಮುಗಿಯಲು ಒಂದು ತಿಂಗಳು. ರೂಮಿಗೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ. ಅಜ್ಜನ ಇದ್ದಿಲಿನ ಗೆರೆಗಳು ಕಣ್ಣ ಮುಂದೆ ಬಂದವು. ಏಳು ಗಂಟೆಗೆ ಎದ್ದು, ಗಡಸುತನ ಅಳೆಯುವ ಕೈಯಂತ್ರ ಹಿಡಿದು ಒಬ್ಬನೇ ಆ ಕೀಲಿನ ಹತ್ತಿರ ಹೋದೆ. ಈ ಉಕ್ಕಿಗೆ ಬ್ರಿನೆಲ್ ಅಳತೆಯಲ್ಲಿ 190ಕ್ಕಿಂತ ಮೇಲೆ ಬರಬೇಕು. ಕೀಲಿನ ಪಕ್ಕ ನಾಲ್ಕು ಕಡೆ ನೋಡಿದೆ. ನಾಲ್ಕೂ ಕಡೆ 165ರ ಸುತ್ತ. ಮೆತ್ತಗಾಗಿತ್ತು.

ಒಂಬತ್ತಕ್ಕೆ ಸ್ಥಾವರದ ಎಂಜಿನಿಯರ್ ಬಂದರು. ಆ ಅಂಕಿ, 840ರ ಚಾರ್ಟು ಎರಡನ್ನೂ ಅವರ ಮೇಜಿನ ಮೇಲಿಟ್ಟು, ‘ಸಹಿ ನನ್ನದೇ, ತಪ್ಪಾಗಿದೆ’ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಇಂಥ ಕೀಲಿಗೆ ಮತ್ತೆ ಕಾಸುವ ಮದ್ದು ಇಲ್ಲ. ಆ ಭಾಗ ಕತ್ತರಿಸಿ ತೆಗೆದು, ಹೊಸ ತುಂಡು ಹಾಕಿ ಎರಡು ಹೊಸ ಬೆಸುಗೆ. ನಾಲ್ಕು ದಿನ ಹೋಯಿತು. ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಐದು ತಿಂಗಳು ಇಂಡಿಯಲ್ಲಿ ಲಿಂಬಿ ತೋಟಕ್ಕೆ ನೀರು ಬಿಟ್ಟೆ. ಲೋನಿನ ಕಂತು ಕಟ್ಟಿದ್ದು ಅಪ್ಪ.

ಕಥೆ ಮುಗಿದಾಗ ತಮ್ಮ ತಲೆ ತಗ್ಗಿಸಿ ಕೂತಿದ್ದ. ‘ನನಗ ಹಂಗ ಅಂದ್ರ?’ ಅಂತ ಮೆಲ್ಲಗೆ ಕೇಳಿದ. ಬಾಯಿಮಾತಿನ ಧೈರ್ಯ ಹೇಳಲು ನನಗೆ ಮನಸ್ಸಾಗಲಿಲ್ಲ. ಅವನ ಸಂಬಳದ ಮೇಲೆ ಚಿಗವ್ವನ ಮನೆ ನಡೆಯಬೇಕು. ‘ಮೊದಲ ಫೋನ್ ನನಗ ಮಾಡು, ಸಹಿ ಮಾಡೂಕಿಂತ ಮೊದಲ’ ಅಂದೆ. ‘ಮತ್ತ, ಬೆಸುಗಿ ನಿಂದು ಚಲೋ ಇದ್ದರೂ, ಕಾಸೂ ಹೊತ್ತಿಗೆ ಥರ್ಮೋಕಪಲ್ ಗಟ್ಟಿ ಹಚ್ಯಾರೋ ಇಲ್ಲೋ ಒಮ್ಮಿ ನೋಡು. ಅದು ನಿನ್ನ ಕೆಲಸ ಅಲ್ಲ ಅಂತಾರ. ನೋಡು.’

ಮುದ್ದೇಬಿಹಾಳದಿಂದ ನಿಡಗುಂದಿಗೆ ಬಂದು ಅಲ್ಲೊಂದು ಪತ್ರಿಕೆ ಕೊಟ್ಟು ಹೆದ್ದಾರಿ ಹಿಡಿದೆವು. ಸಂಜೆಯಾಗಿತ್ತು. ಕೂಡಗಿಯ ಚಿಮಣಿಗಳು ಕಂಡವು. ನಮ್ಮ ಜಿಲ್ಲೆಯ ಎನ್‌ಟಿಪಿಸಿ ಸ್ಥಾವರ, 800 ಮೆಗಾವಾಟಿನ ಮೂರು ಘಟಕ, ಒಟ್ಟು 2,400 ಮೆಗಾವಾಟ್. ಮೂರೂ ಸೂಪರ್‌ಕ್ರಿಟಿಕಲ್. ಅಂದರೆ ನೀರು ಕುದಿದು ಹಬೆಯಾಗುವ ಹಂತವೇ ಇಲ್ಲ. 221 ಬಾರ್, 374 ಡಿಗ್ರಿ ದಾಟಿದ ಮೇಲೆ ನೀರಿಗೂ ಹಬೆಗೂ ವ್ಯತ್ಯಾಸ ಉಳಿಯುವುದಿಲ್ಲ. ಹಬೆ ಬಿಸಿಯಾದಷ್ಟೂ ಅದೇ ಕರೆಂಟಿಗೆ ಕಲ್ಲಿದ್ದಲು ಕಡಿಮೆ ಸಾಕು. ಆದರೆ ಎಷ್ಟು ಬಿಸಿ ಮಾಡಬಹುದು ಅನ್ನುವುದನ್ನು ಕೊನೆಗೆ ತೀರ್ಮಾನಿಸುವುದು ಲೋಹವೇ. ಹತ್ತು-ಹದಿನೈದು ಡಿಗ್ರಿ ಜಾಸ್ತಿಯಾದರೆ ಪೈಪಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ನಮ್ಮವರ ಒರಟು ಲೆಕ್ಕ.

‘ಇಪ್ಪತ್ತು ವರ್ಷ ಬಾಳ್ತದ ಅಂತ ಮೊದಲ ಹೆಂಗ ಗೊತ್ತು?’ ಅಪ್ಪ ಕೇಳಿದರು.

ತುಂಡಿಗೆ ತೂಕ ಕಟ್ಟಿ ಒಲೆಯಲ್ಲಿಟ್ಟು ಕಾಯುತ್ತಾರೆ. ಮಾಮೂಲಿ ಮಾನದಂಡ ಒಂದು ಲಕ್ಷ ಗಂಟೆ, ಅಂದರೆ ಹನ್ನೊಂದು ವರ್ಷದ ಮೇಲೆ. ಅಷ್ಟು ಪುರುಸೊತ್ತು ಇಲ್ಲದಾಗ ಹೆಚ್ಚು ಬಿಸಿಯಲ್ಲಿ ಕಡಿಮೆ ಹೊತ್ತು ಪರೀಕ್ಷಿಸಿ ಲೆಕ್ಕ ಹಾಕುತ್ತಾರೆ. ಆ ಸೂತ್ರವನ್ನು 1952ರಲ್ಲಿ ಲಾರ್ಸನ್, ಮಿಲ್ಲರ್ ಎಂಬಿಬ್ಬರು ಕೊಟ್ಟರು. ಆದರೂ ಕಾಯುವವರು ಕಾಯುತ್ತಾರೆ. ಜಪಾನಿನಲ್ಲಿ 1969ರಲ್ಲಿ ತೂಕ ಕಟ್ಟಿದ ಒಂದು ಉಕ್ಕಿನ ತುಂಡಿನ ಪರೀಕ್ಷೆ ನಲವತ್ತು ವರ್ಷ ದಾಟಿ ನಡೆಯಿತು. ತೂಕ ಕಟ್ಟಿದವರ ನಿವೃತ್ತಿಯಾಗಿ, ಹೊಸಬರು ಬಂದು ಅಳತೆ ಬರೆದುಕೊಂಡಿರಬೇಕು.

‘ನಿಮ್ಮ ಅಜ್ಜನ ಹಂಗ’ ಅಂದರು ಅಪ್ಪ.

ಬಾಗೇವಾಡಿಯಲ್ಲಿ ಕೊನೆಯ ಮೂರು ಪತ್ರಿಕೆ ಕೊಟ್ಟು, ಬಸವೇಶ್ವರ ಗುಡಿಗೆ ಹೋಗಿ ಬಂದು, ಇಂಡಿ ಮುಟ್ಟುವಾಗ ರಾತ್ರಿ ಹನ್ನೊಂದು. ದಾರಿಯಲ್ಲಿ ಅಪ್ಪನನ್ನು ಕೇಳಿದೆ: ಆ ಐದು ತಿಂಗಳು ನೀವು ಒಮ್ಮೆಯೂ ಬೈಯಲಿಲ್ಲ, ಯಾಕೆ? ‘ಬೈಯಬೇಕಂತ ಮಾಡಿದ್ದೆ. ಸಹಿ ಮಾಡಿದ್ದಕ್ಕ. ಆಮ್ಯಾಲ ನೀನ ಹೋಗಿ ಹೇಳಿ ಬಂದೀ ಅಂತ ತಿಳೀತು. ಸುಮ್ಮನಾದೆ’ ಅಂದರು.

ಇದನ್ನು ಫೋನಿನಲ್ಲಿ ಓದುತ್ತಿರುವ ನಿಮ್ಮಲ್ಲಿ ಪೈಪು ಬೆಸೆಯುವವರು ಕಡಿಮೆ ಇರಬಹುದು. ಕೋಡ್ ಬರೆಯುವವರು, ಲೋನ್ ಫೈಲ್ ಪಾಸ್ ಮಾಡುವವರು, ಸೇತುವೆಯ ಬಿಲ್ಲು ನೋಡುವವರು, ಲ್ಯಾಬ್ ರಿಪೋರ್ಟ್ ಕೊಡುವವರು ಇದ್ದೀರಿ. ಇವತ್ತಿನ ಟೆಸ್ಟ್ ಪಾಸಾಗಿ ಐದು ವರ್ಷಕ್ಕೆ ಒಡೆಯುವ ಕೀಲು ನಿಮ್ಮ ಕೆಲಸದಲ್ಲಿ ಎಲ್ಲಿದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮರುದಿನ ಬೆಳಿಗ್ಗೆ ಅಪ್ಪ ಬಡಿಗೇರರನ್ನು ಕರೆಸಿದ್ದರು. ಲಗ್ನಕ್ಕೆ ಮಾಳಿಗೆ ಮೇಲೆ ಮಂದಿ ಹತ್ತುತ್ತಾರಲ್ಲ, ತೊಲೆಗೆ ಕೆಳಗೆ ಒಂದು ಕಂಬ ಕೊಡಬೇಕು. ಕಂಬ ನಿಲ್ಲಿಸುವ ಮೊದಲು ನಾನು ಒಲೆಯಿಂದ ಇದ್ದಿಲು ತಂದು, ಅಜ್ಜನ ಕೊನೆಯ ಗೆರೆಯ ಕೆಳಗೆ ಹೊಸದೊಂದು ಎಳೆದು ಪಕ್ಕದಲ್ಲಿ ತಾರೀಖು ಬರೆದೆ. ಮಧ್ಯಾಹ್ನ ಮುದ್ದೇಬಿಹಾಳದಿಂದ ಮೆಸೇಜ್ ಬಂತು. ‘ಅಣ್ಣಾ, ಆ ಗಡಸುತನ ಅಳಿಯೂ ಮಶೀನ್ ಎಷ್ಟಕ್ಕ ಸಿಗ್ತದ?’